ರೂತ್ ಕಟ್ಟಿದ ಮನೆಯ ಲೆಕ್ಕದ ಪುಸ್ತಕ

ಗ್ರಾಮಫೋನ್ ಪ್ಲೇಟು ಒಂದು ಅಂಗಡಿಯಲ್ಲಿ ಮಾರಾಟವಾದರೆ, ಅದರಲ್ಲಿ ಹಾಡಿದವರಿಗೆ ಎಷ್ಟು ಸಿಗುತ್ತದೆ?

ರೂತ್ ಬ್ರೌನ್ ಎಂಬ ಅಮೆರಿಕದ ಗಾಯಕಿ 1980ರ ದಶಕದಲ್ಲಿ ಈ ಪ್ರಶ್ನೆ ಎತ್ತಿದರು. ಸುಮ್ನೆ ಕೇಳಿದ್ದಲ್ಲ. ಅವರ ಐದು ಹಾಡುಗಳು ರಿದಮ್ ಅಂಡ್ ಬ್ಲೂಸ್, ಅಂದರೆ ಕಪ್ಪು ಜನ ಕೊಳ್ಳುವ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿದ್ದವು. ಅದರಲ್ಲಿ ಒಂದು ಒಟ್ಟು 11 ವಾರ ಅಲ್ಲಿತ್ತು. ಅವರ ಪ್ಲೇಟುಗಳನ್ನು ಮಾರಿದ ಅಟ್ಲಾಂಟಿಕ್ ರೆಕಾರ್ಡ್ಸ್ ಅಷ್ಟೊತ್ತಿಗೆ ಜಗತ್ತಿನ ದೊಡ್ಡ ಸಂಗೀತ ಕಂಪನಿಗಳಲ್ಲಿ ಒಂದಾಗಿತ್ತು. ನನ್ನ ಪಾಲಿಗೆ ಎಷ್ಟು ಬಂತು ಅಂತ ಕೇಳಿದರೆ, ಪುಸ್ತಕ ತೆಗೆದು ನೋಡಿದ ಕಂಪನಿ ಹೇಳಿದ್ದು ಇಷ್ಟು: ನಿಮಗೆ ಬರಬೇಕಾದ್ದು ಏನೂ ಇಲ್ಲ, ನೀವೇ ನಮಗೆ ಬಾಕಿ ಇದ್ದೀರಿ.

ಇದು ಮೋಸದ ಕಥೆ ಅಂತ ಒಂದೇ ಮಾತಲ್ಲಿ ಹೇಳಿ ಮುಗಿಸಬಹುದು. ಆದರೆ ಆ ಲೆಕ್ಕ ಹೇಗೆ ಆ ಉತ್ತರಕ್ಕೆ ಬಂತು ಅಂತ ಬಿಡಿಸಿ ನೋಡಿದರೆ ಕಥೆ ಇನ್ನೂ ಸ್ವಾರಸ್ಯವಾಗಿದೆ. ಯಾಕೆಂದರೆ ಪುಸ್ತಕದಲ್ಲಿ ಕೂಡೋದು ಕಳೆಯೋದು ಸರಿಯಾಗಿದ್ದರೂ ಉತ್ತರ ಹಾಗೇ ಬರುತ್ತಿತ್ತು. ಕರಾರು ಬರೆದಿದ್ದೇ ಹಾಗೆ.

ಲೆಕ್ಕಕ್ಕೆ ಮೊದಲು ಮನುಷ್ಯರ ವಿಷಯ. ರೂತ್ ಹುಟ್ಟಿದ್ದು 1928ರ ಜನವರಿ 12ರಂದು, ವರ್ಜೀನಿಯಾ ರಾಜ್ಯದ ಪೋರ್ಟ್ಸ್‌ಮತ್ ಎಂಬ ಬಂದರು ಊರಿನಲ್ಲಿ. ಆಗಿನ ಹೆಸರು ರೂತ್ ವೆಸ್ಟನ್. ಏಳು ಮಕ್ಕಳಲ್ಲಿ ಹಿರಿಯಳು. ಅಪ್ಪ ಬಂದರಿನಲ್ಲಿ ಕೂಲಿ, ಭಾನುವಾರ ಚರ್ಚಿನಲ್ಲಿ ಗಾಯಕರ ತಂಡ ನಡೆಸುವವರು. ಬೇಸಿಗೆ ಬಂದರೆ ಮಕ್ಕಳೆಲ್ಲ ಉತ್ತರ ಕ್ಯಾರೊಲಿನಾದ ಅಜ್ಜಿಯ ಊರಿಗೆ ಹೋಗಿ ಹತ್ತಿ ಬಿಡಿಸಬೇಕು. ಅಪ್ಪನ ಪ್ರಕಾರ ದೇವರ ಹಾಡು ಮಾತ್ರ ಹಾಡು, ಉಳಿದದ್ದೆಲ್ಲ ಸೈತಾನನದ್ದು. ಮಗಳು ಚರ್ಚಿನ ಅಭ್ಯಾಸಕ್ಕೆ ಹೋಗ್ತೀನಿ ಅಂತ ಹೇಳಿ ಸೈನಿಕರ ಕ್ಲಬ್ಬುಗಳಲ್ಲಿ ಹಾಡಿ ಬರುತ್ತಿದ್ದಳು. ಪಕ್ಕದಲ್ಲೇ ದೊಡ್ಡ ನೌಕಾನೆಲೆ, ಯುದ್ಧದ ಕಾಲ ಬೇರೆ. ಕೇಳುವವರಿಗೇನೂ ಕೊರತೆಯಿರಲಿಲ್ಲ.

1945ರಲ್ಲಿ, 17ರ ವಯಸ್ಸಿನಲ್ಲಿ, ಜಿಮ್ಮಿ ಬ್ರೌನ್ ಎಂಬ ಟ್ರಂಪೆಟ್ ವಾದಕನ ಜೊತೆ ಮನೆ ಬಿಟ್ಟು ಓಡಿಹೋಗಿ ಮದುವೆಯಾದಳು. ಆತನಿಗೆ ಮೊದಲೇ ಒಂದು ಮದುವೆಯಾಗಿತ್ತು ಅಂತ ಗೊತ್ತಾಗಿದ್ದು ಆಮೇಲೆ. ಸಂಬಂಧ ಹೋಯಿತು, ಬ್ರೌನ್ ಎಂಬ ಹೆಸರು ಮಾತ್ರ ಉಳಿಯಿತು.

ಆಮೇಲೆ ಲಕ್ಕಿ ಮಿಲಿಂಡರ್ ಎಂಬ ಹೆಸರಾಂತ ಬ್ಯಾಂಡ್ ನಾಯಕ ತನ್ನ ತಂಡಕ್ಕೆ ಸೇರಿಸಿಕೊಂಡ. ಸುಮಾರು ಒಂದು ತಿಂಗಳಾದ ಮೇಲೆ ವಾಷಿಂಗ್ಟನ್ ನಗರದಲ್ಲಿ ಕೆಲಸದಿಂದ ತೆಗೆದುಹಾಕಿದ. ರೂತ್ ಮಾಡಿದ ಅಪರಾಧ ಏನು ಗೊತ್ತಾ? ವಾದಕರಿಗೆ ಕುಡಿಯಲು ಪಾನೀಯ ತಂದುಕೊಟ್ಟಿದ್ದು. ನಿನಗೆ ಹಾಡೋಕೂ ಬರಲ್ಲ ಅಂತ ಬೇರೆ ಅಂದನಂತೆ. ಗುರುತಿಲ್ಲದ ಊರು, ಕೈಯಲ್ಲಿ ಕಾಸಿಲ್ಲ. ಆಗ ಸಿಕ್ಕಿದ್ದು ಬ್ಲಾಂಚ್ ಕ್ಯಾಲೋವೇ. 1930ರ ದಶಕದಲ್ಲೇ ಗಂಡಸರ ಬ್ಯಾಂಡನ್ನು ಮುನ್ನಡೆಸಿದ್ದ ಗಟ್ಟಿ ಹೆಂಗಸು, ಆಗ ವಾಷಿಂಗ್ಟನ್ನಿನಲ್ಲಿ ಕ್ರಿಸ್ಟಲ್ ಕ್ಯಾವರ್ನ್ಸ್ ಎಂಬ ನೈಟ್‌ಕ್ಲಬ್ ನೋಡಿಕೊಳ್ಳುತ್ತಿದ್ದರು. ಊರಿಗೆ ಹೋಗುವ ಖರ್ಚು ದುಡಿದುಕೋ ಅಂತ ಒಂದು ವಾರದ ಮಟ್ಟಿಗೆ ಹಾಡಲು ಬಿಟ್ಟರು. ಆಮೇಲೆ ರೂತ್ ಊರಿಗೆ ಹೋಗಲಿಲ್ಲ, ಬ್ಲಾಂಚ್ ಅವರೇ ಮ್ಯಾನೇಜರ್ ಆದರು. ಅಲ್ಲಿ ಹಾಡು ಕೇಳಿದ ರೇಡಿಯೋದ ವಿಲಿಸ್ ಕೊನೋವರ್, ನ್ಯೂಯಾರ್ಕಿನ ಒಂದು ಹೊಸ ಕಂಪನಿಗೆ ಫೋನ್ ಮಾಡಿ ಹೇಳಿದರು.

ಆ ಹೊಸ ಕಂಪನಿಯೇ ಅಟ್ಲಾಂಟಿಕ್. 1947ರಲ್ಲಿ ಶುರುವಾಗಿತ್ತು. ಶುರು ಮಾಡಿದವರಲ್ಲಿ ಒಬ್ಬ ಅಹ್ಮೆತ್ ಎರ್ತೆಗುನ್, ಅಮೆರಿಕದಲ್ಲಿದ್ದ ಟರ್ಕಿ ರಾಯಭಾರಿಯ ಮಗ, ಕಪ್ಪು ಜನರ ಸಂಗೀತ ಅಂದರೆ ಪ್ರಾಣ ಬಿಡುವವನು. ಇನ್ನೊಬ್ಬ ಹರ್ಬ್ ಎಬ್ರಾಮ್ಸನ್, ಹಲ್ಲಿನ ಡಾಕ್ಟರಿಕೆ ಓದುತ್ತಿದ್ದವನು. ಬಂಡವಾಳಕ್ಕೆ 10,000 ಡಾಲರ್ ಸಾಲ ಕೊಟ್ಟವರೂ ಒಬ್ಬ ಹಲ್ಲಿನ ಡಾಕ್ಟರ್! ಇಷ್ಟು ಹಲ್ಲುಗಳ ನಡುವೆ ಒಂದು ಸಂಗೀತ ಕಂಪನಿ ಹುಟ್ಟಿದ್ದು ನನಗೆ ಯಾವಾಗಲೂ ತಮಾಷೆ ಅನ್ನಿಸುತ್ತದೆ.

ರೂತ್ ನ್ಯೂಯಾರ್ಕಿಗೆ ನೆಟ್ಟಗೆ ತಲುಪಲಿಲ್ಲ. 1948ರ ಅಕ್ಟೋಬರಿನಲ್ಲಿ, ಪೆನ್ಸಿಲ್ವೇನಿಯಾದ ಚೆಸ್ಟರ್ ಎಂಬ ಊರಿನ ಹತ್ತಿರ ಕಾರು ಅಪಘಾತ. ಎರಡೂ ಕಾಲಿಗೆ ಪೆಟ್ಟು. ತಿಂಗಳುಗಟ್ಟಲೆ ಆಸ್ಪತ್ರೆ. ಕಂಪನಿಯ ಕರಾರಿಗೆ ಸಹಿ ಹಾಕಿದ್ದು ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ, ತನ್ನ 21ನೇ ಹುಟ್ಟುಹಬ್ಬದ ದಿನ ಅಂತ ಅವರೇ ಹೇಳಿಕೊಂಡಿದ್ದಾರೆ. ಎರ್ತೆಗುನ್ ಉಡುಗೊರೆಯಾಗಿ ತಂದಿದ್ದು ಶ್ರುತಿ ಹಿಡಿಯುವ ಪುಟ್ಟ ಪೀಪಿ, ಸ್ವರಲಿಪಿ ಓದಲು ಕಲಿಸುವ ಪುಸ್ತಕ, ಬರೆಯೋಕೆ ಒಂದು ಹಾಳೆಪುಸ್ತಕ. ಮಲಗಿದ್ದಲ್ಲೇ ಕಲಿತುಕೋ ಅಂತ. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟ ಉಡುಗೊರೆ, ಅದರಲ್ಲಿ ಅನುಮಾನವಿಲ್ಲ. ಆದರೆ ಹಾಸಿಗೆ ಹಿಡಿದ 21ರ ಹುಡುಗಿ ಆ ಕರಾರಿನ ಒಂದೊಂದು ಸಾಲನ್ನೂ ಓದಿ ಚೌಕಾಸಿ ಮಾಡುವ ಸ್ಥಿತಿಯಲ್ಲಿ ಇದ್ದಳಾ?

1949ರ ಮೇ 25ರಂದು ಊರುಗೋಲು ಹಿಡಿದು ಸ್ಟುಡಿಯೋಗೆ ಬಂದು ಮೊದಲ ಹಾಡು ರೆಕಾರ್ಡ್ ಮಾಡಿದರು. ಹೆಸರು ‘ಸೋ ಲಾಂಗ್’, ನಿಧಾನದ ಹಾಡು. ಗೆದ್ದಿತು. ಇದಾದ ಮುಂದಿನ ತಿಂಗಳೇ ಇನ್ನೊಂದು ಸಂಗತಿ ನಡೆಯಿತು. ಬಿಲ್‌ಬೋರ್ಡ್ ಪತ್ರಿಕೆ ಕಪ್ಪು ಜನ ಕೊಳ್ಳುವ ಹಾಡುಗಳ ಪಟ್ಟಿಯನ್ನು ಅಲ್ಲಿಯವರೆಗೆ ‘ರೇಸ್ ರೆಕಾರ್ಡ್ಸ್’ ಅಂತ ಕರೆಯುತ್ತಿತ್ತು, ಅಂದರೆ ‘ಜನಾಂಗದ ಪ್ಲೇಟುಗಳು’. ಅಲ್ಲಿ ಕೆಲಸ ಮಾಡುತ್ತಿದ್ದ ಜೆರ್ರಿ ವೆಕ್ಸ್ಲರ್ ಸೂಚಿಸಿದ ಹೊಸ ಹೆಸರು 1949ರ ಜೂನ್‌ನಲ್ಲಿ ಬಂತು: ರಿದಮ್ ಅಂಡ್ ಬ್ಲೂಸ್. ಅಂದರೆ ರೂತ್ ಅವರ ಹಾಡಿನ ಬದುಕಿಗೂ ಈ ಹೆಸರಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. (ಇದೇ ವೆಕ್ಸ್ಲರ್ 1953ರಲ್ಲಿ ಅಟ್ಲಾಂಟಿಕ್ ಸೇರಿದರು.)

ಇಲ್ಲೊಂದು ಗೊಂದಲ ಬಿಡಿಸಬೇಕು. ಇವತ್ತು ‘ಆರ್ ಅಂಡ್ ಬಿ’ ಅಂದರೆ ನಮ್ಮ ಹುಡುಗರಿಗೆ ನೆನಪಾಗೋದು ನುಣುಪಾದ ಸ್ಟುಡಿಯೋ ಸಂಗೀತ. 1950ರ ರಿದಮ್ ಅಂಡ್ ಬ್ಲೂಸ್ ಅದಲ್ಲ. ಅದು ಕುಣಿಯೋಕೆ ಮಾಡಿದ ಸಂಗೀತ. ತಳದಲ್ಲಿ ಬ್ಲೂಸ್ ಇದೆ: ಒಂದು ಸಾಲು ಹಾಡು, ಅದೇ ಸಾಲನ್ನು ಮತ್ತೊಮ್ಮೆ ಹಾಡು, ಮೂರನೇ ಸಾಲಲ್ಲಿ ಅದಕ್ಕೊಂದು ಉತ್ತರ ಕೊಡು. ಸಾಲಿಗೆ ನಾಲ್ಕು ಆವರ್ತ, ಒಟ್ಟು ಹನ್ನೆರಡು. ಅದರ ಮೇಲೆ ಚರ್ಚಿನ ಆವೇಶ, ಜೊತೆಗೆ ಸ್ಯಾಕ್ಸೊಫೋನು, ಪಿಯಾನೊ, ಡ್ರಮ್ಮು. ತಾಳದ ವಿಷಯ ಹೇಳಬೇಕೆಂದರೆ, ನಮ್ಮ ಭಜನೆಯಲ್ಲಿ ಮೊದಲ ಏಟಿಗೆ ತೂಕ ಕೊಟ್ಟು ಚಪ್ಪಾಳೆ ಹೊಡೆಯುತ್ತೇವೆ ಅಲ್ವಾ? ಇಲ್ಲಿ ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸಿದರೆ ಚಪ್ಪಾಳೆ ಬೀಳೋದು ಎರಡಕ್ಕೆ ಮತ್ತು ನಾಲ್ಕಕ್ಕೆ. ಕೂತಲ್ಲೇ ಒಮ್ಮೆ ಮಾಡಿ ನೋಡಿ. ಮೊದಲು ಕೈ ತಪ್ಪುತ್ತದೆ. ಅಭ್ಯಾಸವಾದ ಮೇಲೆ ಭುಜ ತಾನಾಗಿ ಅಲ್ಲಾಡುತ್ತದೆ.

ಇದನ್ನು ಕೇಳಿ ತಿಳಿಯಬೇಕಾದರೆ ರೂತ್ ಅವರ 1953ರ ‘ಮಾಮಾ, ಹೀ ಟ್ರೀಟ್ಸ್ ಯುವರ್ ಡಾಟರ್ ಮೀನ್’ ಹಾಕಿ. ಕಟ್ಟಿಕೊಂಡವನ ಕಾಟವನ್ನು ಮಗಳು ಅಮ್ಮನ ಹತ್ತಿರ ದೂರು ಹೇಳುವ ಹಾಡು. ನಾನು ಮೊದಲ ಸಲ ಇದನ್ನು ಫೋನಿನ ಸ್ಪೀಕರಿನಲ್ಲಿ ಕೇಳಿ, ಇದರಲ್ಲೇನಿದೆ ಅಂದುಕೊಂಡಿದ್ದೆ. ಇಯರ್‌ಫೋನ್ ಹಾಕಿಕೊಂಡು ಕೇಳಿದಾಗ ಗೊತ್ತಾಯಿತು. ಮುಂದೆ ನಿಂತು ಹಾಡನ್ನು ಎಳೆಯುವುದು ಟ್ಯಾಂಬೊರಿನ್, ನಮ್ಮ ಕಂಜಿರಕ್ಕೆ ಅಣ್ಣನಂಥ ವಾದ್ಯ. ಚರ್ಚಿನಲ್ಲಿ ಬಾರಿಸುವಂಥದ್ದು. ಆಮೇಲೆ ರೂತ್ ಅಮ್ಮನನ್ನು ಕರೆಯುತ್ತಾರೆ. ಆ ಪದದ ಕೊನೆಯಲ್ಲಿ ದನಿ ಸಟ್ಟಂತ ಮೇಲಕ್ಕೆ ಹಾರಿ ಒಡೆಯುತ್ತದೆ. ಅಳು ಬರುವ ಮುಂಚೆ ಗಂಟಲು ಕೀಚಲಾಗುತ್ತಲ್ಲ, ಹಾಗೆ. ಅರೆಕ್ಷಣ ಅಷ್ಟೇ. ಬೇರೆಯವರು ಹಾಗೆ ಹಾಡಿದರೆ ಶ್ರುತಿ ತಪ್ಪಿತು ಅಂತೀವಿ. ರೂತ್ ಅವರಿಗೆ ಅದೇ ಗುರುತು. ರಾಕ್ ಅಂಡ್ ರೋಲ್ ಗಾಯಕ ಲಿಟಲ್ ರಿಚರ್ಡ್ ತನ್ನ ‘ಲೂಸಿಲ್’ ಹಾಡಿನಲ್ಲಿ ಹೆಸರಿನ ಬಾಲ ಎಳೆದು ಕತ್ತರಿಸುವ ವರಸೆಯನ್ನು ರೂತ್ ಅಮ್ಮನನ್ನು ಕರೆಯುವ ಆ ರೀತಿಯಿಂದಲೇ ಕಲಿತೆ ಅಂತ ಹೇಳಿಕೊಂಡಿದ್ದಾನೆ. ತಮಾಷೆ ಏನೆಂದರೆ ಈ ಹಾಡು ರೂತ್ ಅವರಿಗೆ ಮೊದಲು ಹಿಡಿಸಿರಲೇ ಇಲ್ಲ. ಅವರಿಗೆ ಇಷ್ಟವಿದ್ದದ್ದು ನಿಧಾನದ ಪ್ರೇಮಗೀತೆಗಳು. ಕುಣಿತದ ಹಾಡಿಗೆ ಎಳೆದದ್ದು ಕಂಪನಿ, ‘ಟಿಯರ್‌ಡ್ರಾಪ್ಸ್ ಫ್ರಮ್ ಮೈ ಐಸ್’ ಮೂಲಕ. 1950ರಲ್ಲಿ ಬಿಡುಗಡೆಯಾಗಿ ಒಟ್ಟು 11 ವಾರ ಮೊದಲ ಸ್ಥಾನದಲ್ಲಿದ್ದ ಹಾಡು ಅದೇ.

ಮುಂದೆ 1952ರಲ್ಲಿ ‘ಫೈವ್-ಟೆನ್-ಫಿಫ್ಟೀನ್ ಅವರ್ಸ್’, 1953ರಲ್ಲಿ ‘ಮಾಮಾ’, 1954ರಲ್ಲಿ ‘ಓ ವಾಟ್ ಎ ಡ್ರೀಮ್’ ಮತ್ತು ‘ಮ್ಯಾಂಬೊ ಬೇಬಿ’. ಒಟ್ಟು ಐದು ಮೊದಲ ಸ್ಥಾನ. ಜನ ಅಟ್ಲಾಂಟಿಕ್ ಕಂಪನಿಯನ್ನೇ ‘ರೂತ್ ಕಟ್ಟಿದ ಮನೆ’ ಅಂತ ಕರೆಯತೊಡಗಿದರು. ಅದೊಂದು ಶ್ಲೇಷೆ. ನ್ಯೂಯಾರ್ಕಿನ ಯಾಂಕಿ ಸ್ಟೇಡಿಯಮ್ಮಿಗೆ ಬೇಸ್‌ಬಾಲ್ ಆಟಗಾರ ಬೇಬ್ ರೂತ್ ಹೆಸರಲ್ಲಿ ಇದೇ ಅಡ್ಡಹೆಸರು ಮೊದಲಿಂದಲೂ ಇತ್ತು.

ಸರಿ, ಮನೆ ಕಟ್ಟಿದ್ದಾಯಿತು. ಬಾಡಿಗೆ ಯಾರಿಗೆ ಬಂತು?

ಒಂದು ರೆಕಾರ್ಡಿನಲ್ಲಿ ಎರಡು ಆಸ್ತಿಗಳಿವೆ. ಇದು ಅರ್ಥವಾದರೆ ಮುಕ್ಕಾಲು ವಿಷಯ ಅರ್ಥವಾದ ಹಾಗೆ. ಮೊದಲನೆಯದು ಹಾಡು, ಅಂದರೆ ಸಾಹಿತ್ಯ ಮತ್ತು ಮಟ್ಟು. ಅದು ಬರೆದವರದ್ದು ಮತ್ತು ಅವರ ಪ್ರಕಾಶಕರದ್ದು. ಎರಡನೆಯದು ಆ ದಿನ ಸ್ಟುಡಿಯೋದಲ್ಲಿ ಹಿಡಿದ ದನಿ. ಅದು ಕಂಪನಿಯದ್ದು. ಹಾಡಿದವರು ಈ ಎರಡಕ್ಕೂ ಯಜಮಾನರಲ್ಲ. ಅವರಿಗಿರೋದು ಕಂಪನಿ ಜೊತೆಗಿನ ಕರಾರು ಮಾತ್ರ. ಒಂದಿಷ್ಟು ಮುಂಗಡ, ಆಮೇಲೆ ಮಾರಾಟದಲ್ಲಿ ಒಂದು ಪಾಲು. ಆ ಪಾಲಿಗೇ ರಾಯಲ್ಟಿ ಅನ್ನೋದು. ಆ ಕಾಲದಲ್ಲಿ ಅದು ಸಾಮಾನ್ಯವಾಗಿ ಶೇಕಡಾ 5ರ ಆಸುಪಾಸು, ಎಷ್ಟೋ ಸಲ ಅದಕ್ಕಿಂತ ಕಡಿಮೆ.

ಈಗ ಒಂದು ಲೆಕ್ಕ ಮಾಡೋಣ. ಅಂಕಿಗಳು ನನ್ನವು, ಸುಲಭವಾಗಲಿ ಅಂತ ಹಾಕಿಕೊಂಡವು. ಪ್ಲೇಟಿನ ಬೆಲೆ ಒಂದು ಡಾಲರ್, ಗಾಯಕಿಯ ಪಾಲು 5 ಸೆಂಟ್. ಹಾಡು ರೆಕಾರ್ಡ್ ಮಾಡಲು ಸ್ಟುಡಿಯೋ ಬಾಡಿಗೆ, ವಾದಕರ ಸಂಬಳ, ಗಾಯಕಿಗೆ ಕೊಟ್ಟ ಮುಂಗಡ ಎಲ್ಲ ಸೇರಿ 2,000 ಡಾಲರ್ ಖರ್ಚಾಯಿತು. ಈ 2,000 ಡಾಲರನ್ನು ಕಂಪನಿ ಗಾಯಕಿಯ ಹೆಸರಲ್ಲಿ ಸಾಲ ಅಂತ ಬರೆದುಕೊಳ್ಳುತ್ತದೆ. ತೀರಿಸೋದು ಯಾವುದರಿಂದ? ಇಲ್ಲೇ ಇರೋದು ಕಿತಾಪತಿ. ಒಟ್ಟು ಮಾರಾಟದ ಹಣದಿಂದ ಅಲ್ಲ, ಗಾಯಕಿಯ 5 ಸೆಂಟಿನಿಂದ. ಅಂದರೆ 40,000 ಪ್ಲೇಟು ಮಾರಾಟವಾಗುವವರೆಗೆ ಆಕೆಗೆ ಮತ್ತೊಂದು ಕಾಸೂ ಇಲ್ಲ. ಅಷ್ಟರಲ್ಲಿ ಉಳಿದ 95 ಸೆಂಟಿನ ಬಾಬ್ತು 38,000 ಡಾಲರ್ ಬಂದಿರುತ್ತದೆ. ಅಂಗಡಿಯವರಿಗೆ, ಸಗಟು ವ್ಯಾಪಾರಿಗೆ, ಪ್ಲೇಟು ಒತ್ತುವ ಕಾರ್ಖಾನೆಗೆ ಕೊಟ್ಟ ಮೇಲೂ ಕಂಪನಿಗೆ ಮೊದಲ ಪ್ಲೇಟಿನಿಂದಲೇ ಹಣ ಬರುತ್ತಿರುತ್ತದೆ.

41,000ನೇ ಪ್ಲೇಟಿನ ಹೊತ್ತಿಗೆ ಗಾಯಕಿಗೆ ಹಣ ಬರಬೇಕು ಅಲ್ವಾ? ಬರಬೇಕು, ಆದರೆ ಅಷ್ಟರಲ್ಲಿ ಮುಂದಿನ ಹಾಡಿನ ಖರ್ಚು ಖಾತೆಗೆ ಬಿದ್ದಿರುತ್ತದೆ. ಆ ಹಾಡು ಓಡದೆ ಹೋದರೆ ಅದರ ಸಾಲವನ್ನು ಓಡಿದ ಹಾಡಿನ ಪಾಲಿನಿಂದ ಕಳೆಯುತ್ತಾರೆ. ರೂತ್ ಅಟ್ಲಾಂಟಿಕ್‌ಗೆ ಹಾಡಿದ್ದು 80ಕ್ಕೂ ಜಾಸ್ತಿ ಹಾಡು. ಎಲ್ಲವೂ ಓಡಲಿಲ್ಲ, ಯಾರದ್ದೂ ಓಡುವುದಿಲ್ಲ. ಹೀಗೆ ವರ್ಷಗಟ್ಟಲೆ ಖಾತೆ ಮೈನಸ್‌ನಲ್ಲೇ ಇರಬಹುದು. ಎಲ್ಲ ತೀರಿದರೂ ಆ ದನಿ ಕಂಪನಿಯದ್ದೇ. ಬಾವಿ ತೋಡಿದ ಖರ್ಚು ನಿಮ್ಮ ಲೆಕ್ಕಕ್ಕೆ, ಬಾವಿ ಅವರ ಹೆಸರಿಗೆ.

ನ್ಯಾಯವಾಗಿ ಇನ್ನೊಂದು ಮಾತು ಹೇಳಬೇಕು. ಅಟ್ಲಾಂಟಿಕ್ ಆ ಕಾಲದ ಕೆಟ್ಟ ಕಂಪನಿ ಅಲ್ಲ. ಒಂದು ಬಾಟಲಿ ಮದ್ಯ, ಒಂದಿಷ್ಟು ನೋಟು ಕೊಟ್ಟು ಹಾಡು ಬರೆಸಿಕೊಳ್ಳುತ್ತಿದ್ದವರ ನಡುವೆ, ಲೆಕ್ಕದ ಪುಸ್ತಕ ಅಂತ ಒಂದನ್ನಾದರೂ ಇಟ್ಟುಕೊಂಡಿದ್ದ ಕಂಪನಿ ಅದು. ಅದರ ಕಥೆಯೇ ಹೀಗಿದ್ದರೆ ಉಳಿದವರದ್ದು ಊಹಿಸಿಕೊಳ್ಳಿ.

ರೇಡಿಯೋದಿಂದ ಏನೂ ಬರಲಿಲ್ವಾ? ಇಲ್ಲ. ಅಮೆರಿಕದಲ್ಲಿ ಎಎಂ, ಎಫ್‌ಎಂ ರೇಡಿಯೋಗಳು ಹಾಡು ಬರೆದವರಿಗೆ ಹಣ ಕೊಡಬೇಕು, ಹಾಡಿದವರಿಗೆ ಕೊಡಬೇಕಾಗಿಲ್ಲ. ಆಗಲೂ ಹಾಗೇ, ಈಗಲೂ ಹಾಗೇ. ರೇಡಿಯೋದಲ್ಲಿ ಬಂದರೆ ನಿಮ್ಮ ಪ್ಲೇಟಿಗೆ ಬಿಟ್ಟಿ ಪ್ರಚಾರ ಸಿಗುತ್ತಲ್ಲ, ಇನ್ನೇನು ಬೇಕು ಅನ್ನೋದು ಅವರ ವಾದ. ‘ಟಿಯರ್‌ಡ್ರಾಪ್ಸ್’ ರೇಡಿಯೋದಲ್ಲಿ ಬಂದಾಗೆಲ್ಲ ಹಕ್ಕಿನ ಹಣ ಬರೆದ ರೂಡಿ ಟೂಮ್ಸ್ ಮತ್ತು ಪ್ರಕಾಶಕರ ಲೆಕ್ಕಕ್ಕೆ. ಅದನ್ನು ಮನೆಮಾತು ಮಾಡಿದ ದನಿಗೆ ಸೊನ್ನೆ.

ಇದಕ್ಕಿಂತ ಹೊಟ್ಟೆ ಉರಿಸುವ ವಿಷಯ ಇನ್ನೊಂದಿತ್ತು. ಕಪ್ಪು ಗಾಯಕಿಯ ಹಾಡು ಓಡುತ್ತಿದ್ದಂತೆ ಅದನ್ನೇ ಬಿಳಿಯ ಗಾಯಕಿಯೊಬ್ಬರಿಂದ ಹಾಡಿಸಿ ದೊಡ್ಡ ಕಂಪನಿಯೊಂದು ಬಿಡುಗಡೆ ಮಾಡುತ್ತಿತ್ತು. ಬಿಳಿಯರ ರೇಡಿಯೋಗಳು ಅದನ್ನು ಹಾಕುತ್ತಿದ್ದವು. ಚಕ್ ವಿಲಿಸ್ ಬರೆದು ರೂತ್ ಹಾಡಿದ ‘ಓ ವಾಟ್ ಎ ಡ್ರೀಮ್’ ಅನ್ನು ಪ್ಯಾಟಿ ಪೇಜ್ ಹಾಡಿದರು. ಕಾನೂನು ಇದನ್ನು ತಡೆಯುತ್ತಿರಲಿಲ್ಲ, ಯಾಕೆಂದರೆ ಹಾಡಿನ ಹಕ್ಕು ಬೇರೆ, ದನಿಯ ಹಕ್ಕು ಬೇರೆ. ಹಾಡು ಬರೆದವರಿಗೆ ಎರಡೂ ಕಡೆಯಿಂದ ದುಡ್ಡು ಬರುತ್ತದೆ, ಮೊದಲು ಹಾಡಿದವರಿಗೆ ಇದ್ದ ಗಿರಾಕಿಯೂ ಹೋಗುತ್ತಾರೆ. ಅಟ್ಲಾಂಟಿಕ್‌ನ ಇನ್ನೊಬ್ಬ ಗಾಯಕಿ ಲವರ್ನ್ ಬೇಕರ್ ಅವರ ‘ಟ್ವೀಡ್ಲಿ ಡೀ’ಯನ್ನು ಜಾರ್ಜಿಯಾ ಗಿಬ್ಸ್ ವಾದ್ಯದ ಜೋಡಣೆಯೂ ಸೇರಿ ಹಾಗೆಹಾಗೇ ನಕಲು ಮಾಡಿದರು. ಬೇಕರ್ ಅವರದ್ದು ಪಾಪ್ ಪಟ್ಟಿಯಲ್ಲಿ 14ನೇ ಸ್ಥಾನಕ್ಕೆ ನಿಂತಿತು, ಗಿಬ್ಸ್ ಅವರದ್ದು 2ಕ್ಕೆ ಏರಿತು. ಬೇಕರ್ ಸಂಸದರೊಬ್ಬರಿಗೆ ದೂರು ಬರೆದರು, ಏನೂ ಆಗಲಿಲ್ಲ. ಆಮೇಲೊಮ್ಮೆ ವಿಮಾನ ಹತ್ತುವಾಗ ವಿಮೆ ಮಾಡಿಸಿ ಅದನ್ನು ಗಿಬ್ಸ್ ಹೆಸರಿಗೆ ಬರೆದರಂತೆ: ನಾನು ಸತ್ತರೆ ಹಾಡುಗಳಿಲ್ಲದೆ ಪಾಪ ಅವರ ಗತಿ ಏನು ಅಂತ! ಈ ಕುಹಕಕ್ಕೆ ನಾನು ಶರಣು.

ರೂತ್ 1957ರಲ್ಲಿ ‘ಲಕ್ಕಿ ಲಿಪ್ಸ್’ ಹಾಡಿದರು. ಪಾಪ್ ಪಟ್ಟಿಯಲ್ಲಿ 25ನೇ ಸ್ಥಾನಕ್ಕೆ ಹೋಯಿತು. 1963ರಲ್ಲಿ ಅದೇ ಹಾಡನ್ನು ಬ್ರಿಟನ್ನಿನ ಕ್ಲಿಫ್ ರಿಚರ್ಡ್, ನಮ್ಮ ಲಖನೌದಲ್ಲಿ ಹುಟ್ಟಿದ ಅದೇ ಕ್ಲಿಫ್ ರಿಚರ್ಡ್, ಹಾಡಿ ಯೂರೋಪಿನಲ್ಲಿ ದೊಡ್ಡದಾಗಿ ಗೆದ್ದರು. ಬರೆದಿದ್ದ ಲೀಬರ್ ಮತ್ತು ಸ್ಟೋಲರ್ ಜೋಡಿಗೆ ಅದರಿಂದ ಲಾಭ. ರೂತ್ ಖಾತೆಯಲ್ಲಿ ಅದರ ಸುದ್ದಿಯೇ ಇಲ್ಲ.

ಹಾಗಾದರೆ ರೂತ್ ದುಡಿದದ್ದು ಎಲ್ಲಿ? ರಸ್ತೆಯಲ್ಲಿ. ಊರಿಂದ ಊರಿಗೆ ಒಂದೊಂದು ರಾತ್ರಿಯ ಕಾರ್ಯಕ್ರಮ. ದಕ್ಷಿಣದ ರಾಜ್ಯಗಳಲ್ಲಿ ಸಭಾಂಗಣದ ನಡುವೆ ಹಗ್ಗ ಕಟ್ಟುತ್ತಿದ್ದರು, ಆ ಕಡೆ ಬಿಳಿಯರು, ಈ ಕಡೆ ಕಪ್ಪು ಜನ. ಹಾಡಿಗೆ ಎರಡೂ ಕಡೆ ಕುಣಿತ. ಕಾರ್ಯಕ್ರಮ ಮುಗಿದರೆ ಅದೇ ಊರಿನ ಹೋಟೆಲಿನಲ್ಲಿ ಗಾಯಕಿಗೆ ರೂಮಿಲ್ಲ, ಊಟ ಬೇಕಾದರೆ ಹಿಂಬಾಗಿಲಿಗೆ ಬರಬೇಕು. ಅಪಘಾತದಲ್ಲಿ ಮುರಿದ ಕಾಲುಗಳು ಕೊನೆಯವರೆಗೂ ನೋಯುತ್ತಿದ್ದವು.

1950ರ ದಶಕದ ಕೊನೆಗೆ ಇದೇ ಸಂಗೀತಕ್ಕೆ ರಾಕ್ ಅಂಡ್ ರೋಲ್ ಅಂತ ಹೊಸ ಹೆಸರು ಬಂತು, ಹೊಸ ಹುಡುಗರು ಬಂದರು. 1961ರಲ್ಲಿ ರೂತ್ ಅಟ್ಲಾಂಟಿಕ್ ಬಿಟ್ಟರು. ಆಮೇಲೆ ನ್ಯೂಯಾರ್ಕಿನ ಪಕ್ಕದ ಲಾಂಗ್ ಐಲೆಂಡಿನಲ್ಲಿ ಸಂಸಾರ. ಎರಡು ಗಂಡುಮಕ್ಕಳನ್ನು ಸಾಕಬೇಕು. ಮನೆಗೆಲಸಕ್ಕೆ ಹೋದರು, ಶಾಲಾಮಕ್ಕಳ ಬಸ್ಸು ಓಡಿಸಿದರು, ಸಣ್ಣ ಮಕ್ಕಳ ಶಾಲೆಯಲ್ಲಿ ಕೆಲಸ ಮಾಡಿದರು. ಹಾಡೋದು ಪೂರ್ತಿ ನಿಂತಿರಲಿಲ್ಲ, ಆದರೆ ಅದರಿಂದ ಹೊಟ್ಟೆ ತುಂಬುತ್ತಿರಲಿಲ್ಲ. ಇದನ್ನು ಅವರು ಯಾವತ್ತೂ ಮುಚ್ಚಿಡಲಿಲ್ಲ. 1970ರ ದಶಕದ ನಡುವೆ ಹಾಸ್ಯನಟ ರೆಡ್ ಫಾಕ್ಸ್ ಹಳೆಯ ಸ್ನೇಹ ನೆನೆದು ಲಾಸ್ ಏಂಜಲೀಸಿಗೆ ಕರೆಸಿ ಒಂದು ನಾಟಕದಲ್ಲಿ ಪಾತ್ರ ಕೊಡಿಸಿದರು. ಅಲ್ಲಿಂದ ಎರಡನೇ ಇನಿಂಗ್ಸ್ ನಿಧಾನವಾಗಿ ಶುರುವಾಯಿತು.

ಲೆಕ್ಕದ ಪುಸ್ತಕ ತೆರೆಸಿದ್ದು ಒಬ್ಬ ಅಭಿಮಾನಿ. ಹೋವೆಲ್ ಬೆಗಲ್ ವಾಷಿಂಗ್ಟನ್ನಿನ ವಕೀಲ. ಚಿಕ್ಕಂದಿನಿಂದ ರೂತ್ ಹಾಡು ಕೇಳಿ ಬೆಳೆದವರು. ಒಂದು ಕಾರ್ಯಕ್ರಮ ಮುಗಿದ ಮೇಲೆ, ದುಬಾರಿ ಬೆಲೆ ಕೊಟ್ಟು ತಂದಿದ್ದ ಹಳೆಯ ರೆಕಾರ್ಡುಗಳಿಗೆ ಸಹಿ ಹಾಕಿಸಿಕೊಳ್ಳಲು ಹೋದರು. ಮಾತಿನ ನಡುವೆ ಗೊತ್ತಾಯಿತು: ಈ ರೆಕಾರ್ಡುಗಳಿಂದ ರೂತ್ ಅವರಿಗೆ ವರ್ಷಗಳಿಂದ ಏನೂ ಬಂದಿಲ್ಲ. ವಕೀಲರಿಗೆ ನಂಬಲಾಗಲಿಲ್ಲ. ಫೀಸಿಲ್ಲದೆ ಕೇಸು ಹಿಡಿದರು.

ಇದು ಕೋರ್ಟಿನಲ್ಲಿ ಸುಲಭವಾಗಿ ಗೆಲ್ಲುವ ಜಗಳವಾಗಿರಲಿಲ್ಲ. ಕರಾರಿಗೆ ಸಹಿ ಇದೆ, ಮೂವತ್ತು ವರ್ಷ ಕಳೆದಿದೆ. ಹಾಗಾಗಿ ಬೆಗಲ್ ಒಬ್ಬರ ಜಗಳವನ್ನು ಹಲವರ ಜಗಳ ಮಾಡಿದರು. ಅದೇ ಕಾಲದ ಬೇರೆ ಕಲಾವಿದರನ್ನು ಜೊತೆಗೆ ಸೇರಿಸಿದರು. ಖಾತೆಗಳನ್ನು ಕೆದಕಿದರು. ವಿದೇಶದ ಮಾರಾಟದ ಹಣ ಸರಿಯಾಗಿ ಜಮಾ ಆಗಿಲ್ಲ, ಹಳೆ ಹಾಡುಗಳನ್ನು ಹೊಸ ಆಲ್ಬಮ್ ಮಾಡಿ ಬಿಟ್ಟಾಗ ಅದರ ಖರ್ಚನ್ನೂ ಕಲಾವಿದರ ಸಾಲಕ್ಕೇ ಸೇರಿಸಲಾಗಿದೆ ಅನ್ನೋದು ಅವರ ಆರೋಪ. ರೂತ್ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಕೂತು ಸಾಕ್ಷಿ ಹೇಳಿದರು. ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಇನ್ನೊಂದು ಕಡೆ ಕ್ಯಾಲೆಂಡರ್ ಕೂಡ ಕಲಾವಿದರ ಪರವಾಗಿತ್ತು: ಅಟ್ಲಾಂಟಿಕ್ ತನ್ನ 40 ವರ್ಷದ ಸಂಭ್ರಮವನ್ನು 1988ರ ಮೇ 14ರಂದು ನ್ಯೂಯಾರ್ಕಿನ ದೊಡ್ಡ ಸಭಾಂಗಣ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಅದ್ದೂರಿಯಾಗಿ ಮಾಡಲು ಹೊರಟಿತ್ತು. ಮನೆ ಕಟ್ಟಿದವಳಿಗೆ ಬಾಕಿ ಉಳಿಸಿಕೊಂಡು ಗೃಹಪ್ರವೇಶದ ವಾರ್ಷಿಕೋತ್ಸವ ಮಾಡೋದು ಹೇಗೆ?

1988ರಲ್ಲಿ ಕಂಪನಿ ಒಪ್ಪಿತು. ರೂತ್ ಮತ್ತು ಇನ್ನೂ 35 ಕಲಾವಿದರ ಖಾತೆಯಲ್ಲಿದ್ದ ಸಾಲವನ್ನು ಮನ್ನಾ ಮಾಡಿತು. ಹಿಂದಿನ 20 ವರ್ಷಗಳ ರಾಯಲ್ಟಿ ಕೊಡಲು ಮುಂದಾಯಿತು. ಹಳೆಯ ಕಲಾವಿದರ ನೆರವಿಗೆ ರಿದಮ್ ಅಂಡ್ ಬ್ಲೂಸ್ ಫೌಂಡೇಷನ್ ಎಂಬ ಸಂಸ್ಥೆ ಕಟ್ಟಲು ಸುಮಾರು 20 ಲಕ್ಷ ಡಾಲರ್ ಕೊಟ್ಟಿತು. ಕಾಯಿಲೆ ಬಿದ್ದವರಿಗೆ ಆಸ್ಪತ್ರೆ ಖರ್ಚು, ಬಾಡಿಗೆ ಕಟ್ಟಲಾಗದವರಿಗೆ ಸಹಾಯ, 1989ರಿಂದ ಹಣದ ಜೊತೆಗೆ ಗೌರವವೂ ಇದ್ದ ಪ್ರಶಸ್ತಿಗಳು ಅಲ್ಲಿಂದ ಬಂದವು. ಮೇ 14ರ ರಾತ್ರಿ ರೂತ್ ಆ ವೇದಿಕೆ ಮೇಲೆ ಹಾಡಿದರು.

ಈ ಇಡೀ ಒಪ್ಪಂದದಲ್ಲಿ ನನಗೆ ಮುಖ್ಯ ಅನ್ನಿಸೋದು ಸಾಲಮನ್ನಾ. ಹಣ ಒಮ್ಮೆ ಬಂದು ಖರ್ಚಾಗುತ್ತದೆ. ಖಾತೆ ಸೊನ್ನೆಗೆ ಬಂದರೆ ಮಾತ್ರ ಮುಂದೆ ಮಾರಾಟವಾಗುವ ಪ್ರತಿ ರೆಕಾರ್ಡಿನ ಪಾಲು ಕೈಗೆ ಸೇರುತ್ತದೆ. ಅದೇ ಹೊತ್ತಿಗೆ ಹಳೆ ಹಾಡುಗಳೆಲ್ಲ ಸಿಡಿಯಾಗಿ ಮತ್ತೆ ಅಂಗಡಿಗೆ ಬರುತ್ತಿದ್ದವು. ಸಮಯ ಚೆನ್ನಾಗಿ ಕೂಡಿಬಂತು.

ಎರಡನೇ ಇನಿಂಗ್ಸ್ ಬಗ್ಗೆ ಚುಟುಕಾಗಿ ಹೇಳುತ್ತೇನೆ, ಯಾಕೆಂದರೆ ಅದು ಸಂತೋಷದ ಕಥೆ, ತಾನೇ ಹೇಳಿಕೊಂಡು ಹೋಗುತ್ತದೆ. 1988ರಲ್ಲಿ ಜಾನ್ ವಾಟರ್ಸ್ ಅವರ ‘ಹೇರ್‌ಸ್ಪ್ರೇ’ ಸಿನಿಮಾದಲ್ಲಿ ಪಾತ್ರ. 1989ರಲ್ಲಿ ಬ್ರಾಡ್ವೇ ರಂಗಭೂಮಿಯ ‘ಬ್ಲ್ಯಾಕ್ ಅಂಡ್ ಬ್ಲೂ’ಗೆ ಟೋನಿ ಪ್ರಶಸ್ತಿ. 1990ರಲ್ಲಿ ಗ್ರ್ಯಾಮಿ. ರೇಡಿಯೋದಲ್ಲಿ ಬ್ಲೂಸ್ ಕಾರ್ಯಕ್ರಮದ ನಿರೂಪಕಿ. 1993ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್. 60 ದಾಟಿದ ಮೇಲೆ ಇಷ್ಟೆಲ್ಲ. 2006ರ ನವೆಂಬರ್ 17ರಂದು ನೆವಾಡಾದಲ್ಲಿ ತೀರಿಕೊಂಡಾಗ ಅವರಿಗೆ 78 ವರ್ಷ.

ಹಾಡಿದವರಿಗೆ ಒಂದೇ ಸಲ ಕೂಲಿ, ಆಮೇಲೆ ಏನೂ ಇಲ್ಲ ಅನ್ನೋದು ನಮ್ಮಲ್ಲೂ ಹೊಸದಲ್ಲ. ಭಾರತದಲ್ಲಿ 2012ರ ಹಕ್ಕುಸ್ವಾಮ್ಯ ತಿದ್ದುಪಡಿಯ ನಂತರವೇ ಗಾಯಕರ ರಾಯಲ್ಟಿಗೆ ಕಾನೂನಿನ ಬಲ ಬಂದಿದ್ದು, ಅದನ್ನು ವಸೂಲಿ ಮಾಡುವ ಗಾಯಕರ ಸಂಘ ಹುಟ್ಟಿದ್ದು 2013ರಲ್ಲಿ.

ಅಮೆರಿಕದ ಲೆಕ್ಕದಲ್ಲಿ ಇನ್ನೊಂದು ಸಾಲು ಬಾಕಿ ಇತ್ತು. ಅಲ್ಲಿನ ಕೇಂದ್ರ ಹಕ್ಕುಸ್ವಾಮ್ಯ ಕಾನೂನು 1972ರ ಫೆಬ್ರವರಿ 15ಕ್ಕಿಂತ ಹಿಂದಿನ ರೆಕಾರ್ಡಿಂಗ್‌ಗಳನ್ನು ಗಣನೆಗೇ ತೆಗೆದುಕೊಂಡಿರಲಿಲ್ಲ. 1995ರಲ್ಲಿ ಡಿಜಿಟಲ್ ಪ್ರಸಾರಕ್ಕೆ ಹಾಡಿದವರಿಗೂ ಹಣ ಕೊಡಬೇಕು ಅಂತ ಕಾನೂನು ಬಂದಾಗಲೂ ಹಳೆಯ ಹಾಡುಗಳಿಗೆ ಅದು ಅನ್ವಯಿಸಲಿಲ್ಲ. ಅದನ್ನು ಸರಿಮಾಡಿದ್ದು 2018ರ ಕಾನೂನು, ರೂತ್ ತೀರಿಕೊಂಡು 12 ವರ್ಷಗಳಾದ ಮೇಲೆ. ಈಗ ಅಮೆರಿಕದಲ್ಲಿ ಉಪಗ್ರಹ ರೇಡಿಯೋದಲ್ಲೋ ಇಂಟರ್ನೆಟ್ ರೇಡಿಯೋದಲ್ಲೋ ‘ಮಾಮಾ’ ಬಂದರೆ, ಆ ಹಣದಲ್ಲಿ ಶೇಕಡಾ 50 ದನಿಯ ಹಕ್ಕುದಾರರಿಗೆ, 45 ಮುಖ್ಯ ಗಾಯಕಿಯ ಪಾಲಿಗೆ, 5 ಜೊತೆಯ ಕಲಾವಿದರಿಗೆ ಹೋಗುತ್ತದೆ. ಗಾಯಕಿಯ ಪಾಲು ನೇರವಾಗಿ ಅವರಿಗೇ, ಅವರಿಲ್ಲದಿದ್ದರೆ ವಾರಸುದಾರರಿಗೆ. ಕಂಪನಿಯ ಪುಸ್ತಕದ ಮೂಲಕ ಹಾದುಹೋಗುವುದಿಲ್ಲ, ಹಾಗಾಗಿ ಯಾವ ಸಾಲಕ್ಕೂ ಮುರಿದುಕೊಳ್ಳುವ ಹಾಗಿಲ್ಲ.

ಅದೇ ಹಾಡು ಪಕ್ಕದ ಎಫ್‌ಎಂ ಸ್ಟೇಷನ್ನಿನಲ್ಲಿ ಬಂದರೆ, ಇವತ್ತಿಗೂ ಸೊನ್ನೆ.